ಹವಾಯಿ ಚಪ್ಪಲಿಯ ಆನೆ

ನಮ್ಮ ಕಚೇರಿಗೆ ಇ-ಆಫೀಸು ಬಂದ ವರ್ಷ ನನ್ನ ಬಲಗೈ ನಿರುದ್ಯೋಗಿಯಾಯಿತು. ಅದಕ್ಕೂ ಮೊದಲು ನಾನು ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಕೂತು, ಹೊರಗಿನಿಂದ ಬಂದ ಕಾಗದಕ್ಕೆಲ್ಲ 'ಸ್ವೀಕರಿಸಲಾಗಿದೆ' ಎಂಬ ರಬ್ಬರ್ ಸೀಲು ಹೊಡೆಯುತ್ತಿದ್ದೆ. ಮಸಿಯ ಪ್ಯಾಡಿಗೊಂದು ಪೆಟ್ಟು, ಕಾಗದಕ್ಕೊಂದು ಪೆಟ್ಟು. ಆ ಸದ್ದು ಕೇಳಿಯೇ ಪಕ್ಕದ ವಿಭಾಗದವರು ಇವತ್ತು ನನ್ನ ಮನೆಯಲ್ಲಿ ಏನು ನಡೆದಿರಬಹುದೆಂದು ಊಹಿಸುತ್ತಿದ್ದರು. ಈಗ ಕಾಗದ ಬರುವುದೂ ಹೋಗುವುದೂ ಕಂಪ್ಯೂಟರಿನಲ್ಲಿ. ಸೀಲುಗಳೆಲ್ಲ ಡ್ರಾಯರಿನಲ್ಲಿ ಒಣಗಿ ಮಲಗಿದವು. ಕೈ ಮಾತ್ರ ಸುಮ್ಮನಿರಲೊಲ್ಲದು. ಚಪಾತಿ ಲಟ್ಟಿಸಲು ಹೋದರೆ ಲೋಟ ತೆಗೆದುಕೊಂಡು ಹಿಟ್ಟಿನ ಮೇಲೆ ಒತ್ತಿ ಒತ್ತಿ ಸಣ್ಣ ಬಿಲ್ಲೆ ಮಾಡುತ್ತಿತ್ತು. ಹೀಗಾಗಿ ಮನೆಯಲ್ಲಿ ಚಪಾತಿ ನಿಂತು ಪೂರಿಯೇ ನಡೆಯಿತು. ನಮ್ಮನೆಯವರಿಗೆ ದುರ್ಗಿಗುಡಿಯಲ್ಲಿ ವೈರು, ಸ್ವಿಚ್ಚು ಮಾರುವ ಅಂಗಡಿ. ಅವರು ಮೊದಲೆರಡು ಸಲ ಪೂರಿಯನ್ನು ಖುಷಿಯಿಂದ ತಿಂದರು. ಆಮೇಲೆ ಡಾಕ್ಟರು ಹೇಳಿದ ಕೊಲೆಸ್ಟ್ರಾಲಿನ ಮಾತು ನೆನಪಿಸಿದರು.

ಆ ದಿನಗಳಲ್ಲೇ ಗಾಂಧಿ ಬಜಾರಿನ ಫ್ಯಾನ್ಸಿ ಅಂಗಡಿಯೊಂದರಲ್ಲಿ ತಲೆಗೆ ಕ್ಲಿಪ್ಪು ಕೊಳ್ಳಲು ನಿಂತಿದ್ದಾಗ, ಮಕ್ಕಳ ಆಟದ ಸಾಮಾನಿನ ನಡುವೆ ರಬ್ಬರ್ ಸ್ಟಾಂಪುಗಳ ಒಂದು ಪೆಟ್ಟಿಗೆ ಕಣ್ಣಿಗೆ ಬಿತ್ತು. ಹೂವು, ಎಲೆ, ಚಿಟ್ಟೆ, ನಕ್ಷತ್ರ, ಜೊತೆಗೆ ಬೆರಳುದ್ದದ ಮಸಿ ಪ್ಯಾಡು. ಮಗುವಿಗೆ ವಯಸ್ಸೆಷ್ಟು ಎಂದು ಅಂಗಡಿಯವನು ಕೇಳಿದ. ನಿವೃತ್ತಿಗೆ ಹತ್ತಿರ ಎಂದು ಹೇಳುವುದು ಹೇಗೆ? ಇನ್ನೂ ಚಿಕ್ಕದು ಎಂದೆ.

ಮನೆಗೆ ಬಂದು ಬಿಳಿ ಹಾಳೆ ಮಡಚಿ, ಅಂಚಿಗೆಲ್ಲ ಎಲೆ, ನಡುವೆ ಹೂವು, ಮೂಲೆಗೊಂದು ಚಿಟ್ಟೆ ಒತ್ತಿದೆ. ಒಳಗೆ ನೀಟಾಗಿ ನಾಲ್ಕು ಸಾಲು ಬರೆದೆ. ಕಚೇರಿಯಲ್ಲಿ ಇಷ್ಟು ವರ್ಷ ಸೀಲು ಹೊಡೆದದ್ದು ಸಾಕಾಗಲಿಲ್ಲವೇ ಎಂದು ನಮ್ಮನೆಯವರು ಕೇಳಿದರು. ಆದರೆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಚಿಟ್ಟೆಯ ಮೀಸೆ ಚೆನ್ನಾಗಿ ಬಂದಿದೆ ಎಂದೂ ಸೇರಿಸಿದರು.

ಕೈಯಲ್ಲಿ ಮಾಡಿದ ಶುಭಾಶಯ ಪತ್ರವನ್ನು ಸ್ವೀಕರಿಸುವ ಅಭ್ಯಾಸ ನಮ್ಮ ಜನಕ್ಕೆ ಇಲ್ಲವೆಂಬುದು ಆಮೇಲೆ ತಿಳಿಯಿತು. ಮೊದಲ ಕಾರ್ಡನ್ನು ನಿವೃತ್ತರಾಗುತ್ತಿದ್ದ ಸಹೋದ್ಯೋಗಿಗೆ ಸಮಾರಂಭದಲ್ಲೇ ಕೊಟ್ಟೆ. ಅವರು ಕವರನ್ನು ತೆರೆದು, ಕಾರ್ಡನ್ನು ಬಿಡಿಸಿ, ತಲೆಕೆಳಗು ಮಾಡಿ ಮೆಲ್ಲಗೆ ಒಂದು ಸಲ ಕೊಡವಿದರು. ಮುಯ್ಯಿಯ ನೋಟು ಒಳಗೇ ಅಂಟಿಕೊಂಡಿರಬಹುದೆಂಬ ಅನುಮಾನ. ಏನೂ ಬೀಳದಿದ್ದಾಗ ನನ್ನ ಮುಖ ನೋಡಿ ನಕ್ಕರು. ಆ ನಗುವಿನಲ್ಲಿ ಕ್ಷಮೆಯಿತ್ತು. ಪಕ್ಕದ ಮನೆಯವರಿಗೆ ಅವರ ಮದುವೆ ದಿನಕ್ಕೆಂದು ಒಂದು ಕೊಟ್ಟರೆ, ಅವರು ನಾಲ್ಕೂ ಬದಿ ಹುಡುಕಿ ಯಾವ ಛತ್ರದಲ್ಲಿ ಎಂದು ಕೇಳಿದರು. ಮದುವೆ ನಿಮ್ಮದೇ, ಎಂದೋ ಆಗಿಹೋಗಿದೆ ಎಂದು ಬಿಡಿಸಿ ಹೇಳಬೇಕಾಯಿತು.

ಹೀಗಿರುವಾಗ ಯುಗಾದಿ ಬಂತು. ಭದ್ರಾವತಿಗೂ ಒಂದು ಕಾರ್ಡು ಕಳಿಸೋಣ ಎನಿಸಿತು.

ಭದ್ರಾವತಿಯ ನ್ಯೂಟೌನಿನಲ್ಲಿ ನಮ್ಮ ಭಾವನವರ ಮನೆ. ಭಾವ ಕಾಗದದ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ನನ್ನ ವಾರಗಿತ್ತಿಯನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ಅತ್ತೆ ಇರುವುದು ಅವರ ಜೊತೆ. ನಮಗೂ ಅವರಿಗೂ ಜಗಳವೇನೂ ಇರಲಿಲ್ಲ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ ಅಷ್ಟೆ, ಆದರೂ ಹಬ್ಬ ಹುಣ್ಣಿಮೆ ಬಿಟ್ಟರೆ ಹೋಗಿಬರುವುದು ಕಡಿಮೆ. ಕಾರಣ ಅತ್ತೆಯ ಒಂದು ಪದ್ಧತಿ. ಅವರು ನಮ್ಮ ಮನೆಗೆ ಬಂದಾಗ ದೊಡ್ಡ ಸೊಸೆಯ ಗುಣಗಾನ ಮಾಡುತ್ತಿದ್ದರು. ಅವಳ ರೊಟ್ಟಿ ಎಷ್ಟು ತೆಳು, ಅವಳು ಎಷ್ಟು ಹೊತ್ತಿಗೆ ಏಳುತ್ತಾಳೆ, ಅವಳ ಬಾಯಲ್ಲಿ ಒಂದು ಎದುರುಮಾತಿಲ್ಲ. ಅಲ್ಲಿ ನನ್ನ ಬಗ್ಗೆ ಇದೇ ಮಾತು ಹೇಳುತ್ತಿದ್ದರೆಂಬುದು ನನಗೆ ಗೊತ್ತಿರಲಿಲ್ಲ. ಹೀಗೆ ನಾವಿಬ್ಬರೂ ಒಬ್ಬರನ್ನೊಬ್ಬರು ದೇವತೆಗಳೆಂದು ತಿಳಿದು ದೂರ ಇದ್ದುಬಿಟ್ಟೆವು. ದೇವತೆಯ ಎದುರು ಕೂತು ಹರಟೆ ಹೊಡೆಯುವುದು ಯಾರಿಗೆ ಸಾಧ್ಯ?

ಆ ಯುಗಾದಿ ಕಾರ್ಡಿಗೆ ನಾನು ಶ್ರಮ ಜಾಸ್ತಿ ಹಾಕಿದೆ. ಕವರಿನ ಮೇಲೂ ಸುತ್ತ ಎಲೆಯ ಅಂಚು ಒತ್ತಿದೆ. ಮಸಿ ನೀಲಿ. ಅಂಚೆಗೆ ಹಾಕಿ ಮರೆತೆ. ಒಂದು ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಅಕ್ಕನ ಫೋನು ಬಂತು. ಹಲೋ ಎನ್ನುವುದಕ್ಕೂ ಮೊದಲೇ ಶುರು ಮಾಡಿದರು.

"ಮನೆಗೊಂದು ಕವರ್ ಬಂದಿದೆ. ಸುತ್ತ ನೀಲಿ ಸೀಲು ಹೊಡೆದಿದಾರೆ. ಕಂದಾಯದ ನೋಟಿಸು ಅನ್ಸುತ್ತೆ. ನಿಮ್ಮ ಭಾವ ಊರಲ್ಲಿಲ್ಲ, ನಂಗೆ ಒಡೆಯಕ್ಕೆ ಧೈರ್ಯ ಬರ್ತಿಲ್ಲ. ನೀನು ಆಫೀಸಲ್ಲಿರೋಳು, ಒಂಚೂರು ಬಂದು ನೋಡ್ತೀಯಾ?"

ಅದು ನಾನೇ ಕಳಿಸಿದ್ದು ಎಂದು ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಎದುರಿಗೆ ಸಾಹೇಬರು ನಿಂತಿದ್ದರು, ಜೊತೆಗೆ ನಾಚಿಕೆಯೂ ಆಯಿತು. ಸಂಜೆ ಬರ್ತೀನಿ ಎಂದೆ. ಹೋದಾಗ ಆ ಕವರು ದೇವರ ಮುಂದೆ, ವಿಭೂತಿ ಗಟ್ಟಿಯ ಪಕ್ಕದಲ್ಲಿತ್ತು. ಅತ್ತೆ ಅದರ ಮೇಲೆ ಒಂದು ಹೂವನ್ನೂ ಇಟ್ಟಿದ್ದರು, ನೋಟಿಸಿನ ಉಗ್ರತೆ ಕಡಿಮೆಯಾಗಲೆಂದು. ನಾನು ಒಡೆದು ಕಾರ್ಡು ತೆಗೆದು ಅಕ್ಕನ ಕೈಗಿಟ್ಟೆ. ಅವರು ಓದಿದರು, ನನ್ನ ಹೆಸರು ನೋಡಿದರು, ಮತ್ತೆ ಕವರು ನೋಡಿದರು. ನಿಂತಲ್ಲೇ ನಗಲು ಶುರು ಮಾಡಿದವರು ಗೋಡೆ ಹಿಡಿದು ನೆಲಕ್ಕೆ ಕೂತರು. ಅಷ್ಟು ವರ್ಷದಲ್ಲಿ ಅವರು ಬಾಯಿಬಿಟ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ನಾನೂ ಕೂತೆ.

"ಅಲ್ಲ ಮಾರಾಯ್ತಿ, ಬೆಳಗ್ಗಿಂದ ಅನ್ನ ಇಳಿದಿಲ್ಲ ನಂಗೆ," ಎಂದರು ಕಣ್ಣೊರೆಸಿಕೊಳ್ಳುತ್ತ.

ಅವರು ನನ್ನನ್ನು ಮಾರಾಯ್ತಿ ಎಂದದ್ದು ಅದೇ ಮೊದಲು. ಆ ಸಂಜೆ ಇಬ್ಬರೂ ಸೇರಿ ಮಾಡಿದ ಉಪ್ಪಿಟ್ಟು ತಳ ಹತ್ತಿತು. ಅವರ ಮನೆಯಲ್ಲೂ ಉಪ್ಪಿಟ್ಟು ತಳ ಹತ್ತುತ್ತದೆ ಎಂದು ಕಂಡು ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಹೊರಡುವಾಗ ಅಕ್ಕ ಮಂಚದ ಕೆಳಗಿನಿಂದ ಒಂದು ಕಟ್ಟು ಎಳೆದರು. ಹಳೆಯ ಸೀರೆಯಲ್ಲಿ ಸುತ್ತಿಟ್ಟ ದಪ್ಪ ಕಾಗದ. ಭಾವ ಕೆಲಸದಲ್ಲಿದ್ದ ಕಾಲದಲ್ಲಿ ನೌಕರರಿಗೆಂದು ಕೊಟ್ಟದ್ದು. ಕಪಾಟಿಗೆ ಹಾಸಿದರೂ ಮುಗಿದಿರಲಿಲ್ಲ. ಕಾರ್ಖಾನೆಯ ಸೈರನ್ನು ನಿಂತು ಎಷ್ಟೋ ಕಾಲವಾಗಿದ್ದರೂ ಕಾಗದ ಮಾತ್ರ ಬೆಣ್ಣೆಯ ಬಣ್ಣದಲ್ಲಿ ಗಟ್ಟಿಯಾಗಿ ಕೂತಿತ್ತು. ನನ್ನ ಕಾರ್ಡಿನ ಕಾಗದ ತೆಳ್ಳಗಾಯಿತು, ಮಸಿ ಹಿಂದೆ ಹಾಯ್ದಿದೆ ಎಂದು ಅಕ್ಕ ಮೆಲ್ಲಗೆ ಹೇಳಿದರು. ಮುಂದಿನ ಭಾನುವಾರ ಬಾ ಎಂದರು.

ಆ ಭಾನುವಾರದಿಂದ ನಮ್ಮದೊಂದು ಕಂಪನಿಯೇ ಶುರುವಾಯಿತು. ಮಕ್ಕಳ ಪೆಟ್ಟಿಗೆಯ ಚಿಟ್ಟೆ, ನಕ್ಷತ್ರ ಬೇಗ ಬೇಸರ ತರಿಸಿದವು. ನಮ್ಮದೇ ಸ್ಟಾಂಪು ಕೆತ್ತೋಣ ಎಂದಾಯಿತು. ಅಕ್ಕನ ಕೈ ನನಗಿಂತ ಸೂಕ್ಷ್ಮ. ಭಾವನ ಶೇವಿಂಗ್ ಬ್ಲೇಡು ತೆಗೆದುಕೊಂಡು, ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರಿನ ಮೇಲೆ ಉಸಿರು ಬಿಗಿಹಿಡಿದು 'ಶುಭಾಶಯ' ಎಂದು ಅಂದವಾಗಿ ಕೆತ್ತಿದರು. ಮಸಿ ಮುಟ್ಟಿಸಿ ಕಾಗದಕ್ಕೆ ಒತ್ತಿದರೆ, ಬಂದ ಅಕ್ಷರ ಕನ್ನಡವಾಗಿರಲಿಲ್ಲ. ಸೀಲಿನಲ್ಲಿ ಅಕ್ಷರ ಉಲ್ಟಾ ಇರಬೇಕೆಂಬುದು ಇಡೀ ಆಯುಷ್ಯ ಸೀಲು ಹೊಡೆದ ನನಗೇ ಹೊಳೆದಿರಲಿಲ್ಲ. ಅಷ್ಟು ವರ್ಷ ನಾನು ಅದರ ಬೆನ್ನನ್ನು ನೋಡಿದ್ದೆನೇ ಹೊರತು ಮುಖವನ್ನಲ್ಲ.

ಪಡಸಾಲೆಯಲ್ಲಿ ಕೂತಿದ್ದ ಅತ್ತೆ ಕಾಗದ ಈಸಿಕೊಂಡು ದೂರ ಹಿಡಿದು ನೋಡಿ ಇದು ತಮಿಳು ಎಂದರು. ನ್ಯೂಟೌನಿನಲ್ಲಿ ಇಂಥ ವಿಷಯಕ್ಕೆ ತಜ್ಞರ ಕೊರತೆಯಿಲ್ಲ. ಪಕ್ಕದ ಮನೆಯ ತಮಿಳು ಅಮ್ಮನವರಿಗೆ ಕಾಂಪೌಂಡಿನ ಮೇಲಿಂದಲೇ ಕಾಗದ ಹೋಯಿತು. ಅವರು ಕನ್ನಡಕ ತರಿಸಿಕೊಂಡು ನೋಡಿ, ತಮಿಳಂತೂ ಅಲ್ಲ, ತೆಲುಗೇ ಇರಬೇಕು ಎಂದರು. ಎದುರುಮನೆಯ ತೆಲುಗಿನವರು ಮಲಯಾಳ ಎಂದು ಖಚಿತವಾಗಿ ಹೇಳಿದರು. ಮಲಯಾಳದವರು ಆ ಬೀದಿಯಲ್ಲಿ ಇಲ್ಲದ ಕಾರಣ ವಿಚಾರಣೆ ಅಲ್ಲಿಗೆ ನಿಂತಿತು. ಅಕ್ಕ ಒಳಗೆ ಹೋಗಿ ಕನ್ನಡಿ ತಂದು ಕಾಗದದ ಎದುರು ಹಿಡಿದಾಗ ಅತ್ತೆ ಓದಿದರು. ಓದಿ, ಈ ಶುಭಾಶಯ ತಗೊಳ್ಳೋರ ಮನೇಲಿ ಕನ್ನಡಿ ಇರಬೇಕು ಹಾಗಾದ್ರೆ ಎಂದರು.

ಅಕ್ಷರದ ಸಹವಾಸ ಬಿಟ್ಟು ನಾವು ಚಿತ್ರಕ್ಕೆ ಬಂದೆವು. ಅಕ್ಕನಿಗೆ ಆನೆ ಮಾಡುವ ಆಸೆ. ಆದರೆ ಅಳಿಸುವ ರಬ್ಬರಿನಲ್ಲಿ ಆನೆ ಇಲಿಯಷ್ಟಾಗುತ್ತಿತ್ತು. ದೊಡ್ಡ ರಬ್ಬರು ಎಲ್ಲಿ ಸಿಗುತ್ತದೆ ಎಂದು ಯೋಚಿಸುತ್ತಿದ್ದಾಗ ಇಬ್ಬರ ಕಣ್ಣೂ ಒಟ್ಟಿಗೇ ಬಾಗಿಲ ಕಡೆ ಹೋಯಿತು. ಅಲ್ಲಿ ಭಾವನ ಹವಾಯಿ ಚಪ್ಪಲಿ ಇತ್ತು. ಹಿಮ್ಮಡಿ ಸವೆದು ಹೊಸದು ಕೊಳ್ಳಬೇಕೆಂದು ಅವರೇ ಹೇಳುತ್ತಿದ್ದರಂತೆ. ಎಡಗಾಲಿನದು ಸಾಕು ಎಂದರು ಅಕ್ಕ. ಪಟ್ಟಿ ಕಿತ್ತು, ಅಟ್ಟೆಯನ್ನು ಬಿಸಿನೀರಲ್ಲಿ ಉಜ್ಜಿ ಒಣಗಿಸಿ ಕೆತ್ತಲು ಕೂತೆವು. ಹೊಟ್ಟೆ ಕಡೆ ಅಕ್ಕ, ಸೊಂಡಿಲ ಕಡೆ ಅವರು ಹೇಳಿದಂತೆ ನಾನು. ಮರದ ತುಂಡಿಗೆ ಅಂಟಿಸಿ ಮಸಿ ಹಚ್ಚಿ ಒತ್ತಿ ಎತ್ತಿದರೆ, ಬೆಣ್ಣೆ ಬಣ್ಣದ ಕಾಗದದ ಮೇಲೆ ಅಂಗೈಯಗಲದ ಆನೆ ನಿಂತಿತ್ತು. ಚಪ್ಪಲಿಯ ಮೇಲಿದ್ದ ಸಣ್ಣ ಸಣ್ಣ ಚುಕ್ಕೆ ಗೆರೆಗಳೆಲ್ಲ ಆನೆಯ ಚರ್ಮದ ಸುಕ್ಕಾಗಿ ಮೂಡಿದ್ದವು. ನಾವು ಬೇಕೆಂದು ಮಾಡಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಭಾವ ಸಂಜೆ ವಾಕಿಂಗಿಗೆ ಹೊರಟು ಒಂದೇ ಚಪ್ಪಲಿ ಕಂಡು ಬೀದಿನಾಯಿಯನ್ನು ಬೈದರು. ಆಮೇಲೆ ಕಾರ್ಡು ತೋರಿಸಿದಾಗ ಚಪ್ಪಲಿಯ ವಿಚಾರ ಬಿಟ್ಟು ಕಾಗದವನ್ನು ಬೆರಳಲ್ಲಿ ಸವರುತ್ತ ನಿಂತರು. ಇದು ನಮ್ಮ ಕಾಗದ ಅಲ್ವಾ ಎಂದರು. ಬಲಗಾಲಿನ ಚಪ್ಪಲಿಯನ್ನೂ ತಂದು ನಮ್ಮ ಮುಂದೆ ಇಟ್ಟು, ಬರಿಗಾಲಲ್ಲೇ ವಾಕಿಂಗಿಗೆ ಹೋದರು.

ಆನೆ ಬಂದ ಮೇಲೆ ಅತ್ತೆಯ ವರಸೆ ಬದಲಾಯಿತು. ಅಲ್ಲಿಯವರೆಗೆ ಇದನ್ನು ಮಕ್ಕಳಾಟ ಎನ್ನುತ್ತಿದ್ದವರು, ಆನೆಯನ್ನು ಒತ್ತುವ ಕೆಲಸ ತಮ್ಮದು ಎಂದು ಘೋಷಿಸಿದರು. ಬೆಳಗಿನ ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಪ್ಯಾಡಿನ ಮುಂದೆ ಕೂರುತ್ತಿದ್ದರು. ಎಂಬತ್ತು ದಾಟಿದ ಕೈ, ಬರೆಯಲು ಹೋದರೆ ನಡುಗುತ್ತಿತ್ತು. ಒತ್ತಲು ಮಾತ್ರ ನಡುಗುತ್ತಿರಲಿಲ್ಲ. ಭಾನುವಾರ ಮಾತ್ರ ಕಾರ್ಡಿನ ಕೆಲಸವಾದ್ದರಿಂದ ಉಳಿದ ದಿನ ಆನೆ ಮನೆಯೆಲ್ಲ ತಿರುಗಿತು. ಗ್ಯಾಸಿನ ಪುಸ್ತಕದ ಮೇಲೆ ಆನೆ, ಹಾಲಿನವನ ಕ್ಯಾಲೆಂಡರಿನ ಮೇಲೆ ಆನೆ, ಡಾಕ್ಟರ ಚೀಟಿಯಲ್ಲಿ ಮಾತ್ರೆಯ ಹೆಸರಿನ ಮೇಲೇ ಆನೆ. ಔಷಧಿ ಅಂಗಡಿಯವನು ಆನೆಯ ಕೆಳಗಿನ ಹೆಸರು ಓದಲಾರದೆ ಡಾಕ್ಟರಿಗೇ ಫೋನು ಮಾಡಿದ. ಬಟ್ಟೆ ಅದಲು ಬದಲಾಗದಿರಲಿ ಎಂದು ಭಾವನ ಬನಿಯನ್ನುಗಳಿಗೂ ಒತ್ತಿದರು. ಅದನ್ನು ತೊಟ್ಟ ಭಾವ ಯಾವುದೋ ಪಕ್ಷದ ಅಭ್ಯರ್ಥಿಯಂತೆ ಕಾಣುತ್ತಾರೆ ಎಂದು ಅಕ್ಕ ಫೋನಿನಲ್ಲಿ ಹೇಳಿದರು. ಆ ಹೊತ್ತಿಗೆ ನಾವಿಬ್ಬರೂ ದಿನಾ ಫೋನು ಮಾಡಿಕೊಳ್ಳುತ್ತಿದ್ದೆವು. ಅತ್ತೆ ಅಲ್ಲಿ ನನ್ನನ್ನು, ಇಲ್ಲಿ ಅವರನ್ನು ಹೊಗಳುತ್ತಿದ್ದ ಸಂಗತಿಯೂ ಹಾಗೆ ಹೊರಬಿದ್ದಿತ್ತು. ನಿನ್ನ ರೊಟ್ಟಿ ನಿಜವಾಗಿಯೂ ಅಷ್ಟು ತೆಳುವೇ ಎಂದು ಅಕ್ಕ ಬಹಳ ಗಂಭೀರವಾಗಿ ಕೇಳಿದರು. ನಾನು ರೊಟ್ಟಿಯನ್ನು ಅಂಗಡಿಯಿಂದ ತರಿಸುತ್ತೇನೆ ಎಂದೆ.

ದೀಪಾವಳಿಗೆ ನೆಂಟರಿಗೆಲ್ಲ ಕಾರ್ಡು ಕಳಿಸಬೇಕೆಂದು ಕೂತಿದ್ದ ಭಾನುವಾರ, ಎಲ್ಲ ಮುಗಿಯುವ ಹೊತ್ತಿಗೆ ಅತ್ತೆ ಒಂದು ಖಾಲಿ ಕಾರ್ಡು ತಮ್ಮ ಕಡೆ ಎಳೆದುಕೊಂಡರು. ಆನೆಯನ್ನು ನಡುವೆ ಒತ್ತಿದರು. ಮಸಿ ಆರಿದ ಮೇಲೆ ಕಾರ್ಡನ್ನು ನನ್ನ ಕಡೆ ನೂಕಿದರು.

"ನಿನ್ನ ಅಕ್ಷರ ಚೆನ್ನಾಗಿದೆ. ಬರಿ. ನಾನು ಇನ್ನೂ ಇದೀನಿ ಅಂತ."

ಯಾರಿಗೆ ಎಂದು ಕೇಳಿದೆ.

"ಆಯನೂರಿಗೆ."

ಅಕ್ಕ ಅಂಟಿನ ಬಟ್ಟಲು ಹಿಡಿದುಕೊಂಡು ನಿಂತಲ್ಲೇ ನಿಂತರು. ಆಯನೂರಿನಲ್ಲಿರುವುದು ಅತ್ತೆಯ ಒಬ್ಬಳೇ ತಂಗಿ, ನಮಗೆ ಚಿಕ್ಕತ್ತೆ. ಅಕ್ಕತಂಗಿಯರು ಮಾತು ಬಿಟ್ಟು ಹತ್ತು ಹನ್ನೆರಡು ವರ್ಷವಾಗಿತ್ತು. ಕಾರಣ ಒಂದು ತಾಮ್ರದ ಹಂಡೆ. ತವರಿನ ಬಚ್ಚಲಲ್ಲಿ ಇಬ್ಬರೂ ಹುಟ್ಟಿದಾಗಿನಿಂದ ಇದ್ದ ಹಂಡೆ ಅದು. ತಾಯಿ ತೀರಿಕೊಂಡ ಮೇಲೆ ಚಿಕ್ಕತ್ತೆಯ ಮನೆಗೆ ಹೋಯಿತು. ಚಿಕ್ಕತ್ತೆ ಗೀಸರ್ ಹಾಕಿಸಿದ ವರ್ಷ ಅದನ್ನು ಗುಜರಿಯವನಿಗೆ ಕೊಟ್ಟರು. ಸುದ್ದಿ ಬೇರೆ ಯಾರಿಂದಲೋ ಅತ್ತೆಗೆ ತಲುಪಿತು. ಅಂದಿನಿಂದ ಮದುವೆ ಮನೆಗಳಲ್ಲಿ ಒಬ್ಬರು ಊಟದ ಮೊದಲ ಪಂಕ್ತಿಗೆ ಕೂತರೆ ಇನ್ನೊಬ್ಬರು ಎರಡನೆಯದಕ್ಕೆ ಕಾಯುತ್ತಿದ್ದರು.

ಅಷ್ಟೇ ಸಾಕೇ, ಹಬ್ಬದ ಶುಭಾಶಯ ಅಂತಾದರೂ ಸೇರಿಸಲೇ ಎಂದು ಕೇಳಿದೆ. ಅಷ್ಟು ಸಾಕು, ಅವಳಿಗೆ ಅರ್ಥವಾಗುತ್ತದೆ ಎಂದರು. ಬರೆದೆ. ಕವರಿನ ಅಂಟನ್ನು ಅತ್ತೆ ತಾವೇ ಬೆರಳಿನಿಂದ ತೀಡಿ ಮುಚ್ಚಿದರು.

ಉತ್ತರ ಬರುತ್ತದೆಂದು ನಾವು ಯಾರೂ ನಿರೀಕ್ಷಿಸಿರಲಿಲ್ಲ. ಅತ್ತೆಯೂ ನಿರೀಕ್ಷಿಸಿಲ್ಲ ಎಂದೇ ಹೇಳುತ್ತಿದ್ದರು, ಆದರೆ ಅಂಚೆಯವನು ಬರುವ ಹೊತ್ತಿಗೆ ಗೇಟಿನ ಬಳಿಯ ತುಳಸಿಗೆ ನೀರು ಹಾಕುವ ಕೆಲಸ ಇಟ್ಟುಕೊಳ್ಳುತ್ತಿದ್ದರಂತೆ. ತುಳಸಿ ಕೊಳೆಯುವುದರಲ್ಲಿತ್ತು. ಅಷ್ಟರಲ್ಲಿ ಕವರು ಬಂತು.

ಒಳಗೆ ಕ್ಯಾಲೆಂಡರಿನ ಹಿಂಬದಿಯ ಒಂದು ತುಂಡು. ಅದರ ತುಂಬ ಕೆಂಗಂದು ಬಣ್ಣದ ದುಂಡನೆಯ ಅಚ್ಚುಗಳು, ಒಂದೊಂದರೊಳಗೂ ಅಮೃತಶಿಲೆಯಲ್ಲಿರುವಂಥ ಸಣ್ಣ ನರಗಳು. ಅಕ್ಕ ಮೂಸಿ ನೋಡಿ ಅಡಿಕೆ ಎಂದರು. ಆಯನೂರಿನ ಮನೆಯಲ್ಲಿ ಕೊಯ್ಲಿನ ಕಾಲ. ಚಿಕ್ಕತ್ತೆ ಅಡಿಕೆಯನ್ನು ಅಡ್ಡಲಾಗಿ ಕತ್ತರಿಸಿ, ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರಿನಲ್ಲಿ ಅದ್ದಿ ಒತ್ತಿದ್ದರು. ಚೊಗರಿನ ಕಲೆ ಒಮ್ಮೆ ಹತ್ತಿದರೆ ಹೋಗುವುದಿಲ್ಲ. ನಮ್ಮ ಪ್ಯಾಡಿನ ಮಸಿ ಅದರ ಮುಂದೆ ನೀರು. ನಡುವೆ ಯಾರದೋ ಕೈಯಲ್ಲಿ ಬರೆಸಿದ ಎರಡು ಪದ: ನಾನೂ ಇದೀನಿ.

ಅತ್ತೆ ಅದನ್ನು ಬಹಳ ಹೊತ್ತು ನೋಡಿದರು. ನಮ್ಮನ್ನು ನೋಡಿ, ಅವಳದು ನಿಮ್ಮದಕ್ಕಿಂತ ಚೆನ್ನಾಗಿದೆ, ನಿಮಗೆ ನಾಚಿಕೆಯಾಗಬೇಕು ಎಂದರು.

ಅಲ್ಲಿಂದ ಶುರುವಾಯಿತು ಕಾರ್ಡಿನ ಯುದ್ಧ. ಚಿತ್ರದಲ್ಲಿ ಸ್ಪರ್ಧೆ ನಮ್ಮದು, ಬರಹದಲ್ಲಿ ಆ ಅಕ್ಕತಂಗಿಯರದು. ನಾವು ಬಲಗಾಲಿನ ಚಪ್ಪಲಿಯಿಂದ ಮರಿಯಾನೆ ಕೆತ್ತಿದರೆ, ಅಲ್ಲಿಂದ ಬೆಂಡೆಕಾಯಿ ಕತ್ತರಿಸಿ ಒತ್ತಿದ ಹೂವಿನ ಸಾಲು ಬರುತ್ತಿತ್ತು. ನನಗೆ ಮಂಡಿ ನೋವು ಎಂದು ಚಿಕ್ಕತ್ತೆ ಬರೆಸಿದರು. ನನಗೆ ಎರಡೂ ಮಂಡಿ ಎಂದು ಅತ್ತೆ ಬರೆಸಿದರು. ನನಗೆ ಬಿ.ಪಿ. ಕೂಡ ಇದೆ ಎಂದು ಅಲ್ಲಿಂದ. ಸಕ್ಕರೆ ಕಾಯಿಲೆಯಲ್ಲಿ ನಮ್ಮ ವಂಶದಲ್ಲೇ ನನ್ನದು ಜಾಸ್ತಿ ಎಂದು ಇಲ್ಲಿಂದ. ಇಂಥ ವಾಕ್ಯಗಳ ಸುತ್ತ ನಾನು ಬಳ್ಳಿ, ಹೂವು, ಮರಿಯಾನೆ ಒತ್ತುತ್ತಿದ್ದೆ. ಫೋನು ಮಾಡಿ ಮಾತಾಡಬಾರದೇ ಎಂದು ನಮ್ಮನೆಯವರು ಒಮ್ಮೆ ಕೇಳಿದ್ದಕ್ಕೆ ಅತ್ತೆ, ಮಾತು ಬಿಟ್ಟಿದೀವಿ, ಗೊತ್ತಿಲ್ವಾ ನಿಂಗೆ ಎಂದು ಗದರಿದರು.

ಇಷ್ಟೆಲ್ಲದರ ನಡುವೆ ಹಂಡೆಯ ಹೆಸರನ್ನು ಇಬ್ಬರೂ ಎತ್ತಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಬಂದ ಕಾರ್ಡಿನಲ್ಲಿ ಎತ್ತಿದವರು ಚಿಕ್ಕತ್ತೆ. ಅಡಿಕೆಯ ಅಚ್ಚುಗಳ ನಡುವೆ ಹೀಗೆ ಬರೆದಿತ್ತು: ಹಂಡೆ ತೂತಾಗಿತ್ತು.

ಅತ್ತೆ ಎದ್ದು ನಿಂತು, ಇದನ್ನು ಕಾರ್ಡಿನಲ್ಲಿ ಮಾತಾಡಲಾಗುವುದಿಲ್ಲ, ಎದುರಾಬದುರು ಕೂರಬೇಕು ಎಂದರು. ಎಲ್ಲಿ ಎಂಬ ಪ್ರಶ್ನೆ ಬಂತು. ಅವಳ ಮನೆಗೆ ನಾನು ಹೋಗುವುದಿಲ್ಲ, ಅವಳೂ ಇಲ್ಲಿಗೆ ಬರುವುದು ಬೇಡ ಎಂದರು. ಆಯನೂರಿನ ಬಸ್ಸೂ ಭದ್ರಾವತಿಯ ಬಸ್ಸೂ ಬಂದು ನಿಲ್ಲುವುದು ಶಿವಮೊಗ್ಗದಲ್ಲೇ ಆದ್ದರಿಂದ ದುರ್ಗಿಗುಡಿಯ ನಮ್ಮ ಮನೆಯೇ ಎಂದು ಗೊತ್ತುಮಾಡಿದ್ದಾಯಿತು.

ಆ ಭಾನುವಾರ ನಮ್ಮನೆಯವರು ಅಂಗಡಿಯ ಲೆಕ್ಕ ನೋಡಬೇಕೆಂದು ಬೆಳಗ್ಗೆಯೇ ತಪ್ಪಿಸಿಕೊಂಡರು. ಅತ್ತೆಯನ್ನು ಕರೆದುಕೊಂಡು ಅಕ್ಕ ಮೊದಲು ಬಂದರು. ಅತ್ತೆಯ ಮಡಿಲಲ್ಲಿ ಸ್ಟೀಲಿನ ಡಬ್ಬಿ, ಅದರೊಳಗೆ ಆನೆ. ಸ್ವಲ್ಪ ಹೊತ್ತಿಗೆ ಆಟೋದಿಂದ ಚಿಕ್ಕತ್ತೆ ಇಳಿದರು. ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಅಡಿಕೆ, ಬಾಯಿ ಬಿಗಿಯಾಗಿ ಕಟ್ಟಿದ ಚೊಗರಿನ ಬಾಟಲಿ. ನಾನೂ ಅಕ್ಕನೂ ಅಡುಗೆಮನೆಯ ಬಾಗಿಲಲ್ಲಿ ನಿಂತೆವು, ಬೇಕಾದರೆ ಬಿಡಿಸಲು.

"ಎಷ್ಟು ಬಡವಾಗಿದೀಯ," ಎಂದರು ಅತ್ತೆ.

"ನೀನು ಎಷ್ಟು ಕುಳ್ಳಗಾಗಿದೀಯ," ಎಂದರು ಚಿಕ್ಕತ್ತೆ.

ನಾನು ಇಬ್ಬರಿಗೂ ಕಾಫಿ ಕೊಟ್ಟೆ. ಲೋಟ ಕೆಳಗಿಟ್ಟ ಮೇಲೆ ಅತ್ತೆ ವಿಚಾರಣೆ ಶುರು ಮಾಡಿದರು. ತೂತು ಎಷ್ಟಿತ್ತು ಎಂದು ಕೇಳಿದರು. ಸೂಜಿ ಹೋಗುವಷ್ಟು ಎಂದು ಚಿಕ್ಕತ್ತೆ ಹೇಳಿದರು.

"ಸೂಜಿ ಹೋಗೋ ತೂತಿಗೆ ಯಾರಾದ್ರೂ ಹಂಡೆ ಮಾರ್ತಾರಾ?"

"ದಿನಾ ಒಲೆಗೆ ನೀರು ಸೋರಿ ಬೆಂಕಿ ಆರ್ತಿತ್ತು ಅಕ್ಕ. ನೀನು ಭದ್ರಾವತಿಯಿಂದ ಬಂದು ಊದ್ತಿದ್ದೆಯಾ?"

ಬೆಸುಗೆ ಹಾಕಿಸಬಹುದಿತ್ತು ಎಂದರು ಇವರು. ಎರಡು ಸಲ ಹಾಕಿಸಿದೆ, ನಿಲ್ಲಲಿಲ್ಲ ಎಂದರು ಅವರು. ಯಾರ ಹತ್ತಿರ ಹಾಕಿಸಿದೆ, ಅವನಿಗೆ ಕೆಲಸ ಬರುತ್ತಿತ್ತೇ ಇಲ್ಲವೇ ಎಂಬಲ್ಲಿಗೆ ಚರ್ಚೆ ಹೋಯಿತು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ನೋಡುತ್ತಿದ್ದರು. ಆಗ ಅತ್ತೆಯ ದನಿ ಇದ್ದಕ್ಕಿದ್ದಂತೆ ಇಳಿಯಿತು.

"ಹಂಡೆ ಹಾಳಾಗ್ಲಿ. ನನ್ನ ಒಂದು ಮಾತು ಕೇಳ್ಬೇಕಿತ್ತು ನೀನು."

"ಕೇಳಿದ್ರೆ ಬೇಡ ಅಂತಿದ್ದೆ."

"ಬೇಡ ಅಂತೀನಿ ಅಂತ ಗೊತ್ತಿದ್ರೂ ಕೇಳ್ಬೇಕು. ಅದು ಅವ್ವ ನೀರು ಕಾಯಿಸ್ತಿದ್ದ ಹಂಡೆ."

ಚಿಕ್ಕತ್ತೆ ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ನಮ್ಮ ನಗು ಎಲ್ಲೋ ಹೋಗಿತ್ತು. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತ ಹಾದುಹೋದಳು.

"ಹೌದು. ಕೇಳ್ಬೇಕಿತ್ತು," ಎಂದರು ಚಿಕ್ಕತ್ತೆ.

ಅತ್ತೆ ಡಬ್ಬಿ ತೆರೆದು ಆನೆಯನ್ನು ತೆಗೆದು ತಂಗಿಯ ಮುಂದೆ ಇಟ್ಟರು. ಒತ್ತಿ ನೋಡು, ಮೆಲ್ಲಗೆ ಒತ್ತು, ಗುದ್ದಬೇಡ ಎಂದರು. ಚಿಕ್ಕತ್ತೆ ನಮ್ಮ ನೀಲಿ ಪ್ಯಾಡನ್ನು ಪಕ್ಕಕ್ಕೆ ಸರಿಸಿ, ತಮ್ಮ ಬಾಟಲಿಯನ್ನು ಬಿಚ್ಚಿ ತಟ್ಟೆಗೆ ಚೊಗರು ಸುರಿದು, ಆನೆಯನ್ನು ಅದರಲ್ಲಿ ಮುಟ್ಟಿಸಿ ಒತ್ತಿದರು. ಕೆಂಪು ಮಣ್ಣಿನಲ್ಲಿ ಹೊರಳಿ ಎದ್ದ ಹಾಗೆ ಬಂತು ಆನೆ. ಅದಕ್ಕೂ ಮುಂಚೆ ಮಾಡಿದ ನಮ್ಮ ಆನೆಗಳೆಲ್ಲ ಸಪ್ಪೆ ಎನಿಸಿದವು. ಸಂಜೆಯವರೆಗೆ ಇಬ್ಬರೂ ಕೂತು ಒತ್ತಿದರು. ಒಬ್ಬರದು ವಾಲಿದೆ ಎಂದು ಇನ್ನೊಬ್ಬರು, ಇನ್ನೊಬ್ಬರದಕ್ಕೆ ಬಾಲ ಬಂದಿಲ್ಲ ಎಂದು ಇವರು. ಬಾಟಲಿ ಉರುಳಿ ನನ್ನ ಹೊಸ ಮೇಜುಬಟ್ಟೆ ಕೆಟ್ಟಿತು. ಅದನ್ನು ಒಗೆಯಲು ಹೋಗಬೇಡ, ಕಲೆ ಹೋಗೋದಿಲ್ಲ ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಆ ದಿನ ಅವರಿಬ್ಬರೂ ಒಮ್ಮತಕ್ಕೆ ಬಂದ ಮೊದಲ ವಿಷಯ ಅದು.

ಸಂಜೆ ಆಯನೂರಿನ ಬಸ್ಸು ಹತ್ತಬೇಕಾದ ಚಿಕ್ಕತ್ತೆಯನ್ನು ಅತ್ತೆ ಭದ್ರಾವತಿಗೆ ಎಳೆದುಕೊಂಡು ಹೋದರು. ಅಕ್ಕನ ಫೋನುಗಳು ಆಮೇಲೆ ದಿನಕ್ಕೆ ಎರಡಾದವು. ಬೆಳಗ್ಗೆ ಇಬ್ಬರೂ ಒಂದೇ ಹಾಸಿಗೆಯಲ್ಲಿ ಕೂತು ಅವ್ವನ ಸುದ್ದಿ ಮಾತಾಡಿ ಅಳುತ್ತಾರೆ, ಮಧ್ಯಾಹ್ನ ಸಾರಿಗೆ ಉಪ್ಪು ಹಾಕುವ ವಿಷಯಕ್ಕೆ ಅಡುಗೆಮನೆಯಲ್ಲಿ ನಿಂತು ಕಿತ್ತಾಡುತ್ತಾರೆ ಎಂದರು. ಒಬ್ಬರನ್ನಾದರೂ ಬಂದು ಕರ್ಕೊಂಡು ಹೋಗು ಮಾರಾಯ್ತಿ ಎಂದು ಒಂದು ದಿನ ಬೇಡಿಕೊಂಡರು. ಯಾರನ್ನು ಎಂದು ಕೇಳಿದೆ. ಯಾರಾದ್ರೂ ಆಯ್ತು ಎಂದರು. ನಾನು ಕಚೇರಿಯಲ್ಲಿ ಕೆಲಸ ಜಾಸ್ತಿ ಎಂದೆ. ಅಕ್ಕ ನಂಬಲಿಲ್ಲ.

ಒಂದು ವಾರ ಕಳೆದು ಚಿಕ್ಕತ್ತೆ ಹೊರಟರು. ಮುಂದಿನ ಭಾನುವಾರ ನಾನು ನ್ಯೂಟೌನಿಗೆ ಹೋಗುವಷ್ಟರಲ್ಲಿ ಅವರ ಕಾರ್ಡು ಬಂದಿತ್ತು. ಊರು ತಲುಪಿದೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು ಎಂದು ಬರೆಸಿದ್ದರು. ಅತ್ತೆ ನನ್ನನ್ನು ಕೂರಿಸಿಕೊಂಡು ಉತ್ತರ ಹೇಳಿದರು.

"ನೀನು ಹೋದ ಮೇಲೆ ಸಾರಿಗೆ ಉಪ್ಪು ಸರಿಯಾಗಿದೆ. ಅಷ್ಟು ಬರಿ."

ಬರೆದೆ. ಅಕ್ಕ ಹಿಂದಿನಿಂದ ಬಗ್ಗಿ ಓದಿ ನಕ್ಕು ಒಳಗೆ ಹೋದರು. ಮಸಿ ಆರಲೆಂದು ಕಾರ್ಡನ್ನು ಕಿಟಕಿಯ ಬಳಿ ಇಟ್ಟೆ. ಕವರಿಗೆ ವಿಳಾಸ ಬರೆಯುತ್ತಿದ್ದಾಗ ಅತ್ತೆ ಕಾರ್ಡನ್ನು ಮತ್ತೆ ನನ್ನ ಮುಂದೆ ತಂದಿಟ್ಟರು. ಕೆಳಗೆ ಜಾಗ ಇದೆಯಲ್ಲ, ಅಲ್ಲಿ ಇನ್ನೊಂದು ಸಾಲು ಸೇರಿಸು ಎಂದರು. ಏನೆಂದು ಕೇಳಿದೆ. ಬಾಗಿಲ ಕಡೆ ನೋಡುತ್ತ ಸ್ವಲ್ಪ ಸಣ್ಣ ದನಿಯಲ್ಲಿ ಹೇಳಿದರು.

"ಯುಗಾದಿಗೆ ಬಾ ಅಂತ ಬರಿ. ಎರಡು ದಿನ ಮುಂಚೆನೇ ಬಾ ಅಂತ."